‘ಅದು ನನ್ನ ಕೆಲಸವಲ್ಲ’: ಬಾಗಿಲು ತೆರೆದೇ ಹೊರಟ ಹಡಗಿನ ಪ್ರಕರಣ

1987ರ ಮಾರ್ಚ್ 6, ಶುಕ್ರವಾರ ಸಂಜೆ. ಬೆಲ್ಜಿಯಂನ ಝೀಬ್ರೂಗ ಬಂದರಿನಲ್ಲಿ ಒಂದು ಫೆರ್ರಿ ಹಡಗಿಗೆ ಕೊನೆಯ ವಾಹನ ಹತ್ತಿತು. ಕೆಳಗಿನ ವಾಹನ ಡೆಕ್ಕಿನಲ್ಲಿದ್ದ ಬೋಸನ್, ಅಂದರೆ ಡೆಕ್ ಕೆಲಸಗಾರರ ಮೇಸ್ತ್ರಿ, ಅದರ ಹಿಂದೆ ಅಡ್ಡ ಸರಪಳಿ ಕಟ್ಟಿದರು. ಆ ಡೆಕ್ಕಿನಿಂದ ಕೊನೆಗೆ ಹೊರಟವರು ಅವರೇ ಇರಬೇಕು ಎನ್ನುತ್ತದೆ ತನಿಖೆ. ಹಡಗಿನ ಮುಂಭಾಗದ ದೊಡ್ಡ ಬಾಗಿಲು ಹತ್ತಿರದಲ್ಲೇ ಇತ್ತು. ತೆರೆದೇ ಇತ್ತು. ಅವರು ಅದನ್ನು ಮುಚ್ಚಲಿಲ್ಲ. ಹೊರಡುವ ಹೊತ್ತಿಗೆ ತಾವು ಇರಬೇಕಾದ ಜಾಗಕ್ಕೆ ಹೋದರು.

ಯಾಕೆ ಮುಚ್ಚಲಿಲ್ಲ ಎಂದು ಆಮೇಲೆ ಕೇಳಿದಾಗ ಅವರು ಕೊಟ್ಟ ಉತ್ತರದ ಸಾರ ಇಷ್ಟೇ: ಬಾಗಿಲು ಮುಚ್ಚುವುದಾಗಲಿ, ಮುಚ್ಚಲು ಯಾರಾದರೂ ಇದ್ದಾರಾ ಎಂದು ನೋಡುವುದಾಗಲಿ ಯಾವತ್ತೂ ತಮ್ಮ ಕೆಲಸ ಆಗಿರಲಿಲ್ಲ.

ಅವರು ಸುಳ್ಳು ಹೇಳಲಿಲ್ಲ. ಈ ಪ್ರಕರಣವನ್ನು ಮತ್ತೆ ಮತ್ತೆ ಓದಿಸುವುದು ಅದೇ. ಹೊರಟ ಇಪ್ಪತ್ತಮೂರೇ ನಿಮಿಷಕ್ಕೆ ಹಡಗು ಮಗುಚಿತು. 193 ಜನ ಸತ್ತರು. ಆ ಬಾಗಿಲು ತಮ್ಮ ಕೆಲಸ ಅಲ್ಲ ಎಂದು ನಿಜವಾಗಿಯೇ ಹೇಳಬಲ್ಲವರು, ಅಥವಾ ಬೇರೆಯವರು ನೋಡಿಕೊಂಡಿದ್ದಾರೆ ಎಂದು ನಂಬಿದ್ದವರು, ಡೆಕ್ಕಿನಿಂದ ಹಿಡಿದು ಕಂಪನಿಯ ಆಡಳಿತ ಮಂಡಳಿಯವರೆಗೂ ಸಾಲಾಗಿ ಇದ್ದರು.

ಹಡಗಿನ ಹೆಸರು ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್. ಅದರ ಸಿಬ್ಬಂದಿಯ ಹೆಸರುಗಳು ತನಿಖಾ ವರದಿಯಲ್ಲಿವೆ, ಹುಡುಕಿದರೆ ಸಿಗುತ್ತವೆ. ನಾನು ಮಾತ್ರ ಎಲ್ಲರನ್ನೂ ಹುದ್ದೆಯಿಂದಲೇ ಕರೆಯುತ್ತೇನೆ. ಹೆಸರು ಸಿಕ್ಕ ಕೂಡಲೇ ನಮ್ಮ ಬೆರಳು ಒಬ್ಬರ ಕಡೆ ತಿರುಗಿ ಅಲ್ಲೇ ನಿಲ್ಲುತ್ತದೆ. ಇಲ್ಲಿ ಬೆರಳು ಅಷ್ಟು ಬೇಗ ನಿಲ್ಲಬಾರದು.

ಹಿನ್ನೆಲೆ

ಹೆರಾಲ್ಡ್ ಜರ್ಮನಿಯ ಬ್ರೆಮರ್‌ಹಾವನ್‌ನಲ್ಲಿ ಕಟ್ಟಿದ ಹಡಗು. 1980ರಲ್ಲಿ ಕೆಲಸಕ್ಕೆ ಇಳಿಯಿತು. ಅದೇ ಮಾದರಿಯ ಇನ್ನೆರಡು ಹಡಗುಗಳಿದ್ದವು, ‘ಪ್ರೈಡ್’ ಮತ್ತು ‘ಸ್ಪಿರಿಟ್’. ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೇಗೆ ಜನ, ಕಾರು, ಲಾರಿಗಳನ್ನು ದಾಟಿಸುವುದು ಮೂರರದ್ದೂ ಕೆಲಸ. ಒಂದೂವರೆ ಗಂಟೆ ಪ್ರಯಾಣ. ವಾಹನಗಳು ಒಂದು ತುದಿಯಿಂದ ಹತ್ತಿ ಇನ್ನೊಂದು ತುದಿಯಿಂದ ಇಳಿಯುತ್ತಿದ್ದವು. ಹಾಗಾಗಿ ಹಡಗಿನ ಮುಂದೆಯೂ ಹಿಂದೆಯೂ ಮನೆಯಷ್ಟು ದೊಡ್ಡ ಬಾಗಿಲು. ಒಳಗಡೆ ಗೋಡೆಯೇ ಇಲ್ಲದ ಉದ್ದನೆಯ ವಾಹನ ಡೆಕ್. ನಡುವೆ ಗೋಡೆ ಇದ್ದರೆ ಲಾರಿ ಓಡಿಸುವುದು ಹೇಗೆ?

ಗೋಡೆಯಿಲ್ಲದ ಆ ಡೆಕ್ಕೇ ಇಂಥ ಹಡಗುಗಳ ದುರ್ಬಲ ಜಾಗ. ಅಗಲವಾದ ಹರಿವಾಣದಲ್ಲಿ ಸ್ವಲ್ಪ ನೀರು ಹಾಕಿ ಎತ್ತಿಕೊಂಡು ನಡೆದು ನೋಡಿ. ಕೈ ಚೂರು ವಾಲಿದರೆ ನೀರೆಲ್ಲ ಆ ಬದಿಗೇ ಓಡುತ್ತದೆ. ನೀರು ಹೋದ ಬದಿ ಇನ್ನಷ್ಟು ಭಾರ, ಭಾರವಾದಷ್ಟೂ ಇನ್ನಷ್ಟು ವಾಲು. ವಾಹನ ಡೆಕ್ಕಿಗೆ ನೀರು ನುಗ್ಗಿದ ಹಡಗಿಗೂ ಇದೇ ಆಗುತ್ತದೆ. ಹಡಗು ತೂತು ಬಿದ್ದು ನಿಧಾನಕ್ಕೆ ಮುಳುಗುವುದಿಲ್ಲ, ಸುಮ್ನೆ ಮಗುಚಿಬಿಡುತ್ತದೆ.

ಅಪಘಾತದ ಹೊತ್ತಿಗೆ ಹೆರಾಲ್ಡ್ ತನ್ನ ಮಾಮೂಲಿ ದಾರಿಯಲ್ಲಿ ಇರಲಿಲ್ಲ. ಡೋವರ್–ಝೀಬ್ರೂಗ ಮಾರ್ಗಕ್ಕೆ ಹಾಕಿದ್ದರು. ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣ. ಇದರಿಂದ ಎರಡು ವಿಷಯ ಬದಲಾದವು.

ಒಂದು ಬಂದರಿನದ್ದು. ಡೋವರ್, ಕ್ಯಾಲೇಗಳಲ್ಲಿ ಎರಡಂತಸ್ತಿನ ರ‍್ಯಾಂಪ್ ಇತ್ತು, ಮೇಲಿನ ಡೆಕ್ಕಿಗೂ ಕೆಳಗಿನ ಡೆಕ್ಕಿಗೂ ಒಟ್ಟಿಗೆ ವಾಹನ ಹತ್ತಿಸಬಹುದಿತ್ತು. ಝೀಬ್ರೂಗದಲ್ಲಿ ಇದ್ದದ್ದು ಒಂದೇ ಅಂತಸ್ತಿನ ರ‍್ಯಾಂಪ್. ಉಬ್ಬರದ ಸಮಯದಲ್ಲಿ ಅದು ಮೇಲಿನ ಡೆಕ್ಕಿಗೆ ಎಟುಕುತ್ತಿರಲಿಲ್ಲ. ಅದಕ್ಕೆ ಹಡಗಿನ ಮುಂಭಾಗದ ಬ್ಯಾಲಸ್ಟ್ ಟ್ಯಾಂಕುಗಳಿಗೆ, ಅಂದರೆ ಹಡಗಿನ ಸಮತೋಲ ಹೊಂದಿಸುವ ತೊಟ್ಟಿಗಳಿಗೆ, ನೀರು ತುಂಬಿಸಿ ಮೂತಿಯನ್ನೇ ತಗ್ಗಿಸುತ್ತಿದ್ದರು. ಲೋಡಿಂಗ್ ಮುಗಿದ ಮೇಲೆ ಆ ನೀರನ್ನು ಹೊರಹಾಕಬೇಕು. ಪಂಪು ಮಾತ್ರ ತೀರಾ ನಿಧಾನ. ಎಲ್ಲ ಖಾಲಿಯಾಗುವವರೆಗೆ ಕಾಯುತ್ತ ಕೂತರೆ ಹೊರಡುವ ಸಮಯ ಮೀರುತ್ತದೆ. ಹಾಗಾಗಿ ಮೂತಿ ತಗ್ಗಿದ ಸ್ಥಿತಿಯಲ್ಲೇ ಹೊರಡುವುದು ರೂಢಿಯಾಗಿತ್ತು. ಆ ದಿನವೂ ಮುಂಭಾಗ ಹಿಂಭಾಗಕ್ಕಿಂತ ಸುಮಾರು 0.8 ಮೀಟರ್ ತಗ್ಗಿತ್ತು.

ಇನ್ನೊಂದು ಜನರದ್ದು. ಕ್ಯಾಲೇ ಮಾರ್ಗದಲ್ಲಿ ಕ್ಯಾಪ್ಟನ್ ಕೆಳಗೆ ಮೂವರು ಡೆಕ್ ಅಧಿಕಾರಿಗಳು. ಝೀಬ್ರೂಗ ಮಾರ್ಗದಲ್ಲಿ ಇಬ್ಬರೇ. ದಾರಿ ಉದ್ದ ಇದೆ, ನಡುವೆ ವಿಶ್ರಾಂತಿ ಸಿಗುತ್ತದೆ, ಇಬ್ಬರು ಸಾಕು ಎಂಬ ಲೆಕ್ಕ. ದಾರಿ ಉದ್ದವಾದ ಮಾತ್ರಕ್ಕೆ ಹೊರಡುವ ಹೊತ್ತಿನ ಕೆಲಸ ಕಡಿಮೆ ಆಗುವುದಿಲ್ಲ ಎನ್ನುವುದು ಆ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ಸಮಸ್ಯೆ: ಬಾಗಿಲು ಯಾರದ್ದು?

ಬಾಗಿಲು ಮುಚ್ಚುವ ಕೆಲಸ ಅಸಿಸ್ಟೆಂಟ್ ಬೋಸನ್ ಅವರದ್ದು. ಇದರಲ್ಲಿ ಯಾರಿಗೂ ಗೊಂದಲ ಇರಲಿಲ್ಲ. ಆ ಸಂಜೆ ಅವರು ಶುಚಿ ಕೆಲಸದಲ್ಲಿದ್ದರು. ಆ ಕೆಲಸದಿಂದ ಅವರನ್ನು ಬೋಸನ್ ಬಿಡುಗಡೆ ಮಾಡಿದರು. ಅವರು ಕ್ಯಾಬಿನ್ನಿಗೆ ಹೋಗಿ ಮಲಗಿದರು. ‘ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ’ ಎಂಬ ಕರೆ ಧ್ವನಿವರ್ಧಕದಲ್ಲಿ ಬಂದಾಗ ಎಚ್ಚರ ಆಗಲಿಲ್ಲ. ಹಡಗು ಮಗುಚುವಾಗ ಮಂಚದಿಂದ ಉರುಳಿ ಬಿದ್ದಾಗಲೇ ಎದ್ದದ್ದು.

ಮನುಷ್ಯ ಅಂದಮೇಲೆ ನಿದ್ದೆ ಹತ್ತುತ್ತದೆ, ಅಲ್ವಾ? ಅದಕ್ಕೇ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಬೇಕು ಎಂದು ನಿಯಮ ಇರುವುದು. ಇಲ್ಲೂ ಇತ್ತು. 1984ರ ಜುಲೈನ ಒಂದು ಆದೇಶದ ಪ್ರಕಾರ, ಕೆಳಗಿನ ವಾಹನ ಡೆಕ್ಕಿನ ಲೋಡಿಂಗ್ ನೋಡಿಕೊಳ್ಳುವ ಅಧಿಕಾರಿಯೇ ಬಾಗಿಲು ಭದ್ರವಾಗಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಆ ದಿನ ಆ ಅಧಿಕಾರಿ ಚೀಫ್ ಆಫೀಸರ್, ಅಂದರೆ ಕ್ಯಾಪ್ಟನ್ ನಂತರದ ಹಿರಿಯ ಅಧಿಕಾರಿ.

ಆದರೆ ಅದೇ ಚೀಫ್ ಆಫೀಸರ್ ಹಡಗು ಹೊರಡುವ ಮುಂಚೆ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಕ್ಯಾಪ್ಟನ್ ಪಕ್ಕ ಇರಬೇಕು ಎಂದೂ ಆದೇಶವಿತ್ತು. ಕೆಳಗೆ ಬಾಗಿಲ ಬಳಿ ನಿಂತರೆ ಮೇಲೆ ಇಲ್ಲ. ಮೇಲೆ ಹೋದರೆ ಕೆಳಗೆ ಇಲ್ಲ. ಮೂವರು ಅಧಿಕಾರಿಗಳಿದ್ದ ಮಾರ್ಗದಲ್ಲಿ ಈ ಇಕ್ಕಟ್ಟಿಗೆ ದಾರಿ ಇತ್ತು. ಇಬ್ಬರಿದ್ದಲ್ಲಿ ಇರಲಿಲ್ಲ.

ಇಂಥ ಇಕ್ಕಟ್ಟಿನಲ್ಲಿ ಜನ ಏನು ಮಾಡುತ್ತಾರೋ ಇಲ್ಲೂ ಅದನ್ನೇ ಮಾಡಿದ್ದರು. ಆದೇಶದ ಅರ್ಥವನ್ನು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿಕೊಂಡಿದ್ದರು. ‘ಬಾಗಿಲು ಭದ್ರವಾಗಿದೆಯೇ ನೋಡಬೇಕು’ ಎನ್ನುವುದು ‘ಬಾಗಿಲು ಹಾಕುವವನು ಬಂದಿದ್ದಾನಾ ನೋಡಿದರೆ ಸಾಕು’ ಎಂದಾಗಿತ್ತು. ಆ ದಿನ ಯಾರೋ ಬಾಗಿಲಿನ ಗುಂಡಿಗಳ ಕಡೆ ಬರುವುದು ಕಂಡಿತು, ಅದು ಅಸಿಸ್ಟೆಂಟ್ ಬೋಸನ್ ಎಂದುಕೊಂಡೆ, ಮೇಲೆ ಹೋದೆ ಎಂದು ಚೀಫ್ ಆಫೀಸರ್ ಹೇಳಿದರು. ಅಸಿಸ್ಟೆಂಟ್ ಬೋಸನ್ ಆಗ ಕ್ಯಾಬಿನ್ನಿನಲ್ಲಿ ಮಲಗಿದ್ದರು.

ಇನ್ನು ಕ್ಯಾಪ್ಟನ್. ಬ್ರಿಜ್‌ನಲ್ಲಿ ನಿಂತರೆ ಮುಂದಿನ ಬಾಗಿಲು ಕಾಣುತ್ತಲೇ ಇರಲಿಲ್ಲ. ಕೆಲವು ಫೆರ್ರಿಗಳಲ್ಲಿ ಮೂತಿಯ ಮುಚ್ಚಳ ಮೇಲಕ್ಕೆ ಏಳುತ್ತದೆ, ತೆರೆದಿದ್ದರೆ ಬ್ರಿಜ್‌ನಿಂದಲೇ ಗೊತ್ತಾಗುತ್ತದೆ. ಹೆರಾಲ್ಡ್‌ನ ಬಾಗಿಲು ಎರಡು ಹೋಳಾಗಿ ಪಕ್ಕಕ್ಕೆ ತೆರೆಯುತ್ತಿತ್ತು. ಮುಚ್ಚಿದೆಯೋ ಇಲ್ಲವೋ ತಿಳಿಯಲು ದೀಪವೂ ಇರಲಿಲ್ಲ. ಹಾಗಾದರೆ ಕ್ಯಾಪ್ಟನ್‌ಗೆ ತಿಳಿಯುತ್ತಿದ್ದದ್ದು ಹೇಗೆ?

ತಿಳಿಯುತ್ತಿರಲಿಲ್ಲ. ಕಂಪನಿಯ ಸ್ಥಾಯಿ ಆದೇಶ ಹೀಗಿತ್ತು: ಯಾವುದೇ ವಿಭಾಗದಲ್ಲಿ ಕೊರತೆ ಇದ್ದರೆ ಅದರ ಮುಖ್ಯಸ್ಥರು ಕ್ಯಾಪ್ಟನ್‌ಗೆ ಹೇಳಬೇಕು. ಯಾರೂ ಏನೂ ಹೇಳದಿದ್ದರೆ ಹಡಗು ಎಲ್ಲ ರೀತಿಯಲ್ಲೂ ಹೊರಡಲು ಸಿದ್ಧ ಎಂದು ಕ್ಯಾಪ್ಟನ್ ತಿಳಿದುಕೊಳ್ಳಬೇಕು.

ನಮ್ಮ ಊರ ಬಸ್ಸನ್ನು ನೆನಪಿಸಿಕೊಳ್ಳಿ. ಕಂಡಕ್ಟರ್ ‘ರೈಟ್’ ಅನ್ನುವವರೆಗೆ ಡ್ರೈವರ್ ಬಸ್ ಎತ್ತುವುದಿಲ್ಲ. ಕಂಡಕ್ಟರ್ ನಿದ್ದೆಹೋದರೆ ಬಸ್ಸು ನಿಂತೇ ಇರುತ್ತದೆ. ಹೆರಾಲ್ಡ್‌ನ ನಿಯಮ ಇದರ ತಿರುಗುಮುರುಗು. ಅಲ್ಲಿ ಮೌನವೇ ‘ರೈಟ್’. ಬಾಗಿಲು ಮುಚ್ಚಿಲ್ಲ ಎಂದು ಹೇಳಬೇಕಾದವರೇ ಮಲಗಿದ್ದರೆ ಆ ಮೌನವೂ ‘ರೈಟ್’ ಆಗಿಬಿಡುತ್ತದೆ. ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಅಪಾಯ ಅನಿಸುವುದು ಆ ಒಂದು ವಾಕ್ಯ. ಅದನ್ನು ಬರೆದವರು ಡೆಕ್ಕಿನಲ್ಲಿ ಇರಲಿಲ್ಲ, ದಡದ ಮೇಲೆ ಕಚೇರಿಯಲ್ಲಿದ್ದರು.

ಮೊದಲೇ ನಡೆದಿದ್ದ ಪ್ರಯತ್ನಗಳು

ಯಾರಿಗೂ ಹೊಳೆಯದ ಅಪಾಯ ಇದು ಎಂದುಕೊಂಡರೆ ತಪ್ಪು. 1983ರ ಅಕ್ಟೋಬರ್ 29ರಂದು ಇದೇ ಕಂಪನಿಯ ‘ಪ್ರೈಡ್’ ಡೋವರ್‌ನಿಂದ ಮುಂದಿನ ಬಾಗಿಲೂ ಹಿಂದಿನ ಬಾಗಿಲೂ ತೆರೆದೇ ಹೊರಟಿತ್ತು. ಅಲ್ಲೂ ಮಲಗಿದ್ದು ಅಸಿಸ್ಟೆಂಟ್ ಬೋಸನ್ನೇ. ಬಾಗಿಲು ಮುಚ್ಚದೆ ಹೊರಟ ಬೇರೆ ಸಂದರ್ಭಗಳೂ ಕಂಪನಿಯ ಹಡಗುಗಳಲ್ಲಿ ಇದ್ದವು. ಯಾವುದೂ ಮುಳುಗಲಿಲ್ಲ. ಮುಳುಗದೇ ಇದ್ದದ್ದೇ ದೊಡ್ಡ ಮೋಸವಾಯಿತು.

1985ರ ಜೂನ್‌ನಲ್ಲಿ ‘ಪ್ರೈಡ್’ನ ಕ್ಯಾಪ್ಟನ್ ಒಂದು ಟಿಪ್ಪಣಿ ಬರೆದರು. ಹಡಗಿನ ಅತಿ ಮುಖ್ಯ ಬಾಗಿಲುಗಳು ಮುಚ್ಚಿವೆಯೋ ಇಲ್ಲವೋ ತಿಳಿಯಲು ಬ್ರಿಜ್‌ನಲ್ಲಿ ಏನೂ ಇಲ್ಲ, ಒಂದು ದೀಪ ಹಾಕಿಸಿ ಎಂದು. ಕೇಳಿದ್ದು ಯಂತ್ರವನ್ನಲ್ಲ. ಬಾಗಿಲಿಗೊಂದು ಸ್ವಿಚ್ಚು, ಮೇಲೊಂದು ದೀಪ.

ಟಿಪ್ಪಣಿ ದಡದ ಕಚೇರಿಯಲ್ಲಿ ಒಬ್ಬ ಮ್ಯಾನೇಜರ್ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಓಡಾಡಿತು. ಅಂಚಿನಲ್ಲಿ ಒಬ್ಬೊಬ್ಬರೂ ಒಂದೊಂದು ಬರೆದರು. ಬಾಗಿಲು ಹಾಕುವವನು ಎಚ್ಚರವಾಗಿದ್ದಾನಾ, ಕುಡಿದಿಲ್ಲವಾ ಎಂದು ತಿಳಿಯಲೂ ದೀಪ ಬೇಕಾ ಎಂದರು ಒಬ್ಬರು. ಚೆನ್ನಾಗಿದೆ, ಆದರೆ ಆ ಕೆಲಸಕ್ಕೆ ಆಗಲೇ ಒಬ್ಬನಿಗೆ ಸಂಬಳ ಕೊಡುತ್ತಿದ್ದೇವಲ್ಲ ಎಂದರು ಇನ್ನೊಬ್ಬರು. ಏನಾದರೂ ತೊಂದರೆ ಇದ್ದರೆ ಬಾಗಿಲು ಹಾಕುವವನೇ ಬ್ರಿಜ್‌ಗೆ ಹೇಳುತ್ತಾನೆ ಎಂದುಕೊಳ್ಳೋಣ ಎಂದರು ಮತ್ತೊಬ್ಬರು. ಸ್ಥಾಯಿ ಆದೇಶದ ಅದೇ ಧಾಟಿ ನೋಡಿ. ಹೇಳಲಿಲ್ಲವೆಂದರೆ ಎಲ್ಲ ಸರಿ ಇದೆ.

1986ರಲ್ಲಿ ದೀಪದ ಮಾತು ಮತ್ತೆ ಬಂತು. ಬಾಗಿಲು ಮುಚ್ಚುವವನು ಗುಂಡಿಗಳ ಬಳಿಯೇ ನಿಂತು ನೋಡುತ್ತಿರುವಾಗ ಬ್ರಿಜ್‌ನಲ್ಲಿ ನೋಡುವ ಅಗತ್ಯವೇ ಕಾಣುತ್ತಿಲ್ಲ ಎಂಬ ಉತ್ತರ ಬಂತು. ಆ ಮನುಷ್ಯ ಅಲ್ಲಿ ನಿಂತೇ ಇರದಿದ್ದರೆ ಏನು ಎಂಬುದೇ ಕ್ಯಾಪ್ಟನ್‌ಗಳ ಪ್ರಶ್ನೆಯಾಗಿತ್ತು.

ಕ್ಯಾಪ್ಟನ್‌ಗಳು ಬೇರೆಯದನ್ನೂ ಬರೆದಿದ್ದರು. ಝೀಬ್ರೂಗದಲ್ಲಿ ಬ್ಯಾಲಸ್ಟ್ ನೀರು ಬೇಗ ಖಾಲಿ ಮಾಡಲು ದೊಡ್ಡ ಪಂಪು ಕೇಳಿದರು. 25,000 ಪೌಂಡ್ ಎಂದು ಅಂದಾಜಾಯಿತು. ಕಂಪನಿಗೆ ಅದು ದುಬಾರಿ ಅನಿಸಿತು. ಅನುಮತಿಗಿಂತ ಜಾಸ್ತಿ ಪ್ರಯಾಣಿಕರನ್ನು ಹತ್ತಿಸುತ್ತಿದ್ದಾರೆ ಎಂದು ಹಲವರು ದೂರಿದರು. ಅಧಿಕಾರಿಗಳನ್ನು ಹಡಗಿನಿಂದ ಹಡಗಿಗೆ ಬದಲಿಸುತ್ತಲೇ ಇರುವುದರ ಬಗ್ಗೆ ಹೆರಾಲ್ಡ್‌ನ ಹಿರಿಯ ಕ್ಯಾಪ್ಟನ್ ಬರೆದರು. ಕೆಲವೇ ತಿಂಗಳಲ್ಲಿ ಆ ಒಂದೇ ಹಡಗಿನಲ್ಲಿ 36 ಡೆಕ್ ಅಧಿಕಾರಿಗಳು ಬಂದುಹೋಗಿದ್ದರು. ಹಾಗಿರುವಾಗ ‘ನಮ್ಮ ಹಡಗಿನಲ್ಲಿ ಹೀಗೆ ಮಾಡುತ್ತೇವೆ’ ಎಂಬ ಪದ್ಧತಿ ಬೇರು ಬಿಡುವುದು ಯಾವಾಗ? ಇಷ್ಟೆಲ್ಲ ಇದ್ದೂ ಆಡಳಿತದವರು ಮತ್ತು ಹಿರಿಯ ಕ್ಯಾಪ್ಟನ್‌ಗಳು ಒಟ್ಟಿಗೆ ಕೂತು ಸಭೆ ನಡೆಸದ ಎರಡೂವರೆ ವರ್ಷವೂ ಇತ್ತು.

ಮೇಲಿಂದ ಕೆಳಗೆ ಬರುತ್ತಿದ್ದ ಕಾಗದಗಳ ಧಾಟಿ ಬೇರೆ. 1986ರ ಆಗಸ್ಟ್‌ನಲ್ಲಿ ಝೀಬ್ರೂಗದ ಕಾರ್ಯಾಚರಣೆ ಮ್ಯಾನೇಜರ್ ಬರೆದ ಟಿಪ್ಪಣಿಯ ಸಾರ ಇದು: ನಿಮ್ಮ ಅಧಿಕಾರಿ ಸಾಕಷ್ಟು ಚುರುಕಾಗಿಲ್ಲ ಅನಿಸಿದರೆ ಒತ್ತಡ ಹಾಕಿ, ತಡವಾಗಿ ಹೊರಡುವುದು ನಡೆಯುವುದಿಲ್ಲ, ನಮಗೆ 15 ನಿಮಿಷ ಮುಂಚೆಯೇ ಬೇಕು. ಮಾರ್ಚ್ 6ರ ಸಂಜೆ ಹೆರಾಲ್ಡ್ ಐದು ನಿಮಿಷ ತಡವಾಗಿತ್ತು.

ಆ ಸಂಜೆ

ಹಡಗಿನಲ್ಲಿ 459 ಪ್ರಯಾಣಿಕರು, 80 ಸಿಬ್ಬಂದಿ. 81 ಕಾರು, 47 ಲಾರಿ, ಇನ್ನೂ ಮೂರು ವಾಹನ. ಪತ್ರಿಕೆಯೊಂದು ಕೊಟ್ಟಿದ್ದ ಅಗ್ಗದ ಟಿಕೆಟ್‌ನಲ್ಲಿ ಒಂದು ದಿನದ ಸುತ್ತಾಟಕ್ಕೆ ಬಂದಿದ್ದವರೇ ಬಹಳ. ಬ್ರಿಟನ್ ಸಮಯ 6:05ಕ್ಕೆ ಹಡಗು ಹಿಮ್ಮುಖವಾಗಿ ಧಕ್ಕೆ ಬಿಟ್ಟು ತಿರುಗಿ ಹೊರಟಿತು. 6:24ಕ್ಕೆ ಬಂದರಿನ ಹೊರಗೋಡೆ ದಾಟಿತು. ಗಾಳಿ ಹೆಚ್ಚಿರಲಿಲ್ಲ, ಕಡಲು ಶಾಂತವಾಗಿತ್ತು.

ಗೋಡೆ ದಾಟಿದ ಮೇಲೆ ಕ್ಯಾಪ್ಟನ್ ವೇಗ ಏರಿಸಿದರು. ಹಡಗು ಗಂಟೆಗೆ ಸುಮಾರು 33 ಕಿಲೋಮೀಟರ್, ಅಂದರೆ 18 ನಾಟ್‌ವರೆಗೆ ಹೋಗಬಲ್ಲ ಹಾಗೆ ಎಂಜಿನ್ ಇಟ್ಟಿದ್ದರು. ಇದು ತಪ್ಪೇನಲ್ಲ, ಬಾಗಿಲು ಮುಚ್ಚಿದ್ದರೆ. ವೇಗ ಏರಿದಂತೆ ಹಡಗಿನ ಮೂತಿಯ ಮುಂದೆ ಅಲೆ ಏಳುತ್ತದೆ. ಆಳ ಕಡಿಮೆ ಇರುವ ನೀರಿನಲ್ಲಿ ಹಡಗು ಕೆಳಕ್ಕೆ ಎಳೆಸಿಕೊಂಡು ಇನ್ನಷ್ಟು ತಗ್ಗುತ್ತದೆ. ಮೂತಿಯಂತೂ ಮೊದಲೇ ತಗ್ಗಿತ್ತು. ಮೂರೂ ಒಟ್ಟು ಸೇರಿದಾಗ ಅಲೆ ಬಾಗಿಲ ಹೊಸ್ತಿಲು ದಾಟಿತು. ‘ಪ್ರೈಡ್’ ಡೋವರ್‌ನಲ್ಲಿ ಬಾಗಿಲು ತೆರೆದು ಹೊರಟೂ ಬದುಕಿದ್ದಕ್ಕೂ ಹೆರಾಲ್ಡ್ ಬದುಕದೇ ಹೋದದ್ದಕ್ಕೂ ಉತ್ತರ ಇಲ್ಲಿದೆ. ತೆರೆದ ಬಾಗಿಲೊಂದೇ ಸಾಲುತ್ತಿರಲಿಲ್ಲ. ಮೇಲಿನ ಡೆಕ್ಕಿಗೆ ಎಟುಕದ ರ‍್ಯಾಂಪು, ನಿಧಾನದ ಪಂಪು, ಹೊತ್ತು ಮೀರಿದ ಅವಸರ ಎಲ್ಲ ಆ ಹೊಸ್ತಿಲಲ್ಲಿ ಕೂಡಿದವು.

ನೀರು ಟನ್‌ಗಟ್ಟಲೆ ನುಗ್ಗಿತು. ಹಡಗು ಎಡಕ್ಕೆ ಸುಮಾರು 30 ಡಿಗ್ರಿ ವಾಲಿತು, ಒಂದು ಕ್ಷಣ ಹಾಗೇ ನಿಂತಿತು, ಆಮೇಲೆ ಪೂರ್ತಿ ಮಗುಚಿತು. ಹೊರಗೋಡೆ ದಾಟಿ ನಾಲ್ಕು ನಿಮಿಷ ಅಷ್ಟೇ. ಅಪಾಯದ ಸಂದೇಶ ಕಳಿಸಲೂ ಹೊತ್ತಿರಲಿಲ್ಲ. ಹತ್ತಿರದಲ್ಲಿದ್ದ ಹೂಳೆತ್ತುವ ಹಡಗೊಂದರವರು ಹೆರಾಲ್ಡ್‌ನ ದೀಪಗಳು ಕಾಣೆಯಾದದ್ದನ್ನು ನೋಡಿ ಬಂದರಿಗೆ ತಿಳಿಸಿದರು. ನೀರು ಆಳ ಇರಲಿಲ್ಲವಾಗಿ ಹಡಗು ಪಕ್ಕಕ್ಕೆ ಮಲಗಿ ಅರ್ಧ ಮೈ ಮೇಲೆಯೇ ಉಳಿಯಿತು. ಆಳದಲ್ಲಿ ಆಗಿದ್ದರೆ ಯಾರೂ ಉಳಿಯುತ್ತಿರಲಿಲ್ಲವೇನೋ.

ಒಳಗಡೆ ನೆಲ ಗೋಡೆಯಾಗಿತ್ತು, ಅಡ್ಡ ಓಣಿಗಳು ಬಾವಿಗಳಾಗಿದ್ದವು. ದೀಪ ಆರಿತ್ತು. ಕೊರೆಯುವ ನೀರು. ಮುಳುಗಿ ಸತ್ತವರಷ್ಟೇ ಅಲ್ಲ, ಆ ಚಳಿಗೇ ಸತ್ತವರೂ ಹಲವರು. ಒಬ್ಬ ಪ್ರಯಾಣಿಕರು ಒಂದು ಕಂದರದ ಮೇಲೆ ತಮ್ಮ ಮೈಯನ್ನೇ ಅಡ್ಡ ಚಾಚಿ ಸೇತುವೆಯಾದರು. ಹಲವರು ಅವರ ಬೆನ್ನ ಮೇಲೆ ಕಾಲಿಟ್ಟು ದಾಟಿ ಬದುಕಿದರು. ಅದೂ ಅವರ ಕೆಲಸವಾಗಿರಲಿಲ್ಲ.

ತನಿಖೆ: ಬೆರಳು ಎಲ್ಲಿ ನಿಂತಿತು

ನ್ಯಾಯಮೂರ್ತಿ ಶೀನ್ ಅವರ ಮುಂದೆ 1987ರ ಏಪ್ರಿಲ್ ಕೊನೆಯಲ್ಲಿ ತನಿಖೆ ಶುರುವಾಯಿತು, ಜುಲೈಗೆ ವರದಿ ಬಂತು. ವರದಿ ಹಡಗಿನ ಮೇಲಿದ್ದವರನ್ನು ಬಿಡಲಿಲ್ಲ. ಅಸಿಸ್ಟೆಂಟ್ ಬೋಸನ್ ಕರ್ತವ್ಯ ತಪ್ಪಿದರು ಎಂದಿತು. ಎಲ್ಲ ತಪ್ಪುಗಳಲ್ಲಿ ದುರಂತಕ್ಕೆ ತೀರಾ ಹತ್ತಿರದ ಕಾರಣ ಚೀಫ್ ಆಫೀಸರ್ ಅವರದ್ದು ಎಂದಿತು. ಹಡಗು ಕಳೆದುಕೊಂಡದ್ದಕ್ಕೆ ಕ್ಯಾಪ್ಟನ್ ತಾವೇ ಹೊಣೆ ಹೊರಬೇಕು ಎಂದಿತು. ಕ್ಯಾಪ್ಟನ್ ಪ್ರಮಾಣಪತ್ರ ಒಂದು ವರ್ಷ, ಚೀಫ್ ಆಫೀಸರ್ ಪ್ರಮಾಣಪತ್ರ ಎರಡು ವರ್ಷ ಅಮಾನತಾದವು.

ವರದಿ ಅಷ್ಟಕ್ಕೇ ನಿಂತಿದ್ದರೆ ಇವತ್ತು ಯಾರೂ ಅದನ್ನು ಓದುತ್ತಿರಲಿಲ್ಲ. ಅದು ದಡಕ್ಕೆ ಹತ್ತಿತು. ಕಚೇರಿಯ ಟಿಪ್ಪಣಿಗಳನ್ನೆಲ್ಲ ತರಿಸಿ ಓದಿತು. ಹಡಗುಗಳ ಸುರಕ್ಷತೆ ಯಾರ ಹೊಣೆ ಎಂದು ನಿರ್ದೇಶಕರನ್ನೇ ಕೇಳಿತು. ಒಬ್ಬರು ತಾನು ಎಂದು ಒಪ್ಪಲು ತಯಾರಿದ್ದರು. ಇನ್ನೊಬ್ಬರು ಅದು ಯಾವ ನಿರ್ದೇಶಕನೂ ಒಬ್ಬನೇ ಹೊತ್ತ ಹೊಣೆ ಆಗಿರಲಿಲ್ಲ ಎಂದರು. ಅಧಿಕಾರಿಗಳ ಕೆಲಸವನ್ನು ಬಿಡಿಸಿ ಬರೆದುಕೊಡಿ ಎಂಬ ಮಾತು ಮುಂಚೆ ಬಂದಾಗ, ಬರೆದು ಗಟ್ಟಿ ಮಾಡುವುದಕ್ಕಿಂತ ತಾನಾಗಿ ರೂಪ ಪಡೆಯಲಿ ಎಂದು ಬಿಟ್ಟಿದ್ದರು ಎನ್ನುವುದೂ ಹೊರಬಂತು. ರೂಪ ಪಡೆದದ್ದು ಏನು ಎಂದು ನಾವು ನೋಡಿದೆವು.

ಮೇಲಿಂದ ಕೆಳಗಿನವರೆಗೆ ಇಡೀ ಸಂಸ್ಥೆಗೆ ಅಸಡ್ಡೆಯ ರೋಗ ತಗುಲಿತ್ತು. ಇದು ಶೀನ್ ಅವರ ಮಾತು. ಇಂಗ್ಲಿಷ್‌ನಲ್ಲಿ ಸುರಕ್ಷತೆಯ ಬಗ್ಗೆ ಬರೆಯುವವರೆಲ್ಲ ಇದನ್ನು ಎತ್ತಿ ಹೇಳುತ್ತಾರೆ. ನನಗೆ ಆ ಮಾತಿನ ಬಗ್ಗೆ ಒಂದು ತಕರಾರಿದೆ. ಅಸಡ್ಡೆ ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಎಂದು ಕೇಳಿಸುತ್ತದೆ. ಇಲ್ಲಿ ಕ್ಯಾಪ್ಟನ್‌ಗಳು ತಲೆ ಕೆಡಿಸಿಕೊಂಡಿದ್ದರು, ಕೂತು ಬರೆದಿದ್ದರು. ಬರೆದದ್ದು ಹೋಗಿ ಸೇರುವ ಜಾಗ ಇರಲಿಲ್ಲ. ಬೇಡ ಎಂದು ತೀರ್ಮಾನಿಸಿದವರ ಮೇಲೆ ಆ ತೀರ್ಮಾನದ ಹೊರೆ ಬೀಳುತ್ತಿರಲಿಲ್ಲ. ಟಿಪ್ಪಣಿಯ ಅಂಚಿನಲ್ಲಿ ತಮಾಷೆ ಬರೆದರೆ ಮುಗಿಯಿತು.

ನ್ಯಾಯಾಲಯದಲ್ಲಿ

1987ರ ಅಕ್ಟೋಬರ್‌ನಲ್ಲಿ ಸಾವಿನ ವಿಚಾರಣೆ ನಡೆಸಿದ ಜ್ಯೂರಿ ಇದನ್ನು ಕಾನೂನುಬಾಹಿರ ಹತ್ಯೆ ಎಂದಿತು. ಹಾಗಾದರೆ ಕೊಂದವರು ಯಾರು? 1989ರಲ್ಲಿ ಏಳು ಜನರ ಮೇಲೂ ಕಂಪನಿಯ ಮೇಲೂ ನರಹತ್ಯೆಯ ಆರೋಪ ಹೊರಿಸಿದರು. ಅಷ್ಟರಲ್ಲಿ ಕಂಪನಿಯ ಹೆಸರು ಪಿ ಅಂಡ್ ಓ ಯುರೋಪಿಯನ್ ಫೆರೀಸ್ ಎಂದಾಗಿತ್ತು. ಪಿ ಅಂಡ್ ಓ ಗುಂಪು ಅದನ್ನು ಕೊಂಡದ್ದು ಅಪಘಾತಕ್ಕೆ ಕೆಲವೇ ವಾರ ಮುಂಚೆ, 1987ರ ಜನವರಿಯಲ್ಲಿ. ತಪ್ಪುಗಳು ಹಳೆಯವು, ಮಾಲೀಕರು ಹೊಸಬರು.

ಕಂಪನಿಯೊಂದರ ಮೇಲೆ ನರಹತ್ಯೆಯ ಮೊಕದ್ದಮೆ ಹೂಡಬಹುದು ಎಂದು ನ್ಯಾಯಾಲಯ ಒಪ್ಪಿತು. ಅದು ದೊಡ್ಡ ಹೆಜ್ಜೆ. ಆದರೆ ಗೆಲ್ಲಬೇಕಾದರೆ, ಕಂಪನಿಯ ತಲೆಯಂತಿರುವ ಒಬ್ಬ ಹಿರಿಯ ವ್ಯಕ್ತಿ ತಾನೊಬ್ಬನೇ ಆ ಅಪರಾಧಕ್ಕೆ ಸಾಕಾಗುವಷ್ಟು ತಪ್ಪು ಮಾಡಿರಬೇಕು. ಒಬ್ಬರ ಕಾಲು ಪಾಲು, ಇನ್ನೊಬ್ಬರ ಅರ್ಧ ಪಾಲು ಕೂಡಿಸಿ ಒಂದು ಮಾಡುವಂತಿಲ್ಲ. ಬಾಗಿಲು ತೆರೆದು ಹೊರಡುವ ಅಪಾಯ ಕಣ್ಣಿಗೆ ಹೊಡೆಯುವಂತೆ ಇತ್ತು ಎಂದೂ ತೋರಿಸಬೇಕಿತ್ತು. ಅದು ತಮಗೆ ಹೊಳೆದಿರಲಿಲ್ಲ ಎಂದು ಸಾಕ್ಷಿಗೆ ಬಂದ ಹಡಗಿನ ಅನುಭವಿಗಳೇ ಹೇಳಿದರು. 1990ರ ಅಕ್ಟೋಬರ್ 19ರಂದು ಕಂಪನಿ ಮತ್ತು ಐವರನ್ನು ಖುಲಾಸೆ ಮಾಡುವಂತೆ ನ್ಯಾಯಾಧೀಶರು ಜ್ಯೂರಿಗೆ ಸೂಚಿಸಿದರು. ಉಳಿದದ್ದು ಇಬ್ಬರು, ಚೀಫ್ ಆಫೀಸರ್ ಮತ್ತು ಅಸಿಸ್ಟೆಂಟ್ ಬೋಸನ್. ಮೇಲಿನವರೆಲ್ಲ ಹೋದಮೇಲೆ ಇವರಿಬ್ಬರನ್ನು ಮಾತ್ರ ಹಿಡಿದಿಡುವುದು ಬೇಡವೆಂದು ಅವರ ಮೇಲಿನ ಮೊಕದ್ದಮೆಯನ್ನೂ ಕೈಬಿಟ್ಟರು.

ಇದು ವಿಚಿತ್ರ. ಕಂಪನಿ ಚಿಕ್ಕದಾಗಿದ್ದರೆ, ಮಾಲೀಕನೇ ಎಲ್ಲ ನೋಡಿಕೊಳ್ಳುತ್ತಿದ್ದರೆ ಶಿಕ್ಷೆ ಸುಲಭ. ದೊಡ್ಡದಾದಷ್ಟೂ, ಹೊಣೆ ಹಂಚಿ ತೆಳ್ಳಗಾದಷ್ಟೂ ಕಷ್ಟ. ಆಮೇಲೆ ಬ್ರಿಟನ್ನಿನಲ್ಲಿ ನರಹತ್ಯೆಗೆ ಮೊದಲ ಬಾರಿ ಶಿಕ್ಷೆಯಾದ ಕಂಪನಿ, 1994ರಲ್ಲಿ, ದೋಣಿಯಾನದಂಥ ಸಾಹಸ ಚಟುವಟಿಕೆ ನಡೆಸುತ್ತಿದ್ದ ಚಿಕ್ಕ ಸಂಸ್ಥೆ. ಒಬ್ಬರ ತಲೆ ಹುಡುಕದೆ ಕಂಪನಿಯ ನಿರ್ವಹಣೆಯನ್ನೇ ತಪ್ಪೆಂದು ಹಿಡಿಯುವ ಕಾನೂನು ಅಲ್ಲಿ ಆದದ್ದು 2007ರಲ್ಲಿ, ಜಾರಿಗೆ ಬಂದದ್ದು 2008ರ ಏಪ್ರಿಲ್‌ನಲ್ಲಿ. ಹೆರಾಲ್ಡ್ ಮಗುಚಿ ಇಪ್ಪತ್ತೊಂದು ವರ್ಷದ ಮೇಲೆ.

ಬದಲಾದದ್ದು

ಅಪಘಾತವಾಗಿ ಕೆಲವೇ ದಿನಗಳಲ್ಲಿ ಕಂಪನಿಯ ಉಳಿದ ಹಡಗುಗಳಲ್ಲಿ ಬಾಗಿಲಿನ ದೀಪ ಬಂತು. ಸುಮಾರು ಎರಡು ವರ್ಷದ ಹಿಂದೆ ಅಂಚಿನಲ್ಲಿ ತಮಾಷೆ ಬರೆಸಿಕೊಂಡ ದೀಪ ಅದೇ. ವೈರು, ಸ್ವಿಚ್ಚು, ಒಂದಿಷ್ಟು ಗಂಟೆಗಳ ಕೆಲಸ.

ದೀಪಕ್ಕಿಂತ ದೊಡ್ಡ ಬದಲಾವಣೆ ಕಾಗದದಲ್ಲಾಯಿತು. ಹಡಗು ಕಂಪನಿಗಳು ಸುರಕ್ಷತೆಯನ್ನು ಹೇಗೆ ನಿಭಾಯಿಸಬೇಕು ಎಂಬ ಅಂತರರಾಷ್ಟ್ರೀಯ ಸಂಹಿತೆ 1993ರಲ್ಲಿ ಸಿದ್ಧವಾಯಿತು, ಐಎಸ್‌ಎಂ ಕೋಡ್ ಎನ್ನುತ್ತಾರೆ. 1998ರ ಜುಲೈಯಿಂದ ಪ್ರಯಾಣಿಕ ಹಡಗುಗಳಿಗೆ ಕಡ್ಡಾಯ. ಯಾರ ಕೆಲಸ ಯಾವುದು ಎಂದು ಬರೆದೇ ಇಡಬೇಕು. ಮುಖ್ಯವಾಗಿ, ದಡದಲ್ಲಿ ಒಬ್ಬ ಗೊತ್ತಾದ ವ್ಯಕ್ತಿ ಇರಬೇಕು. ಹಡಗಿನವರ ದೂರು ಅವರಿಗೆ ತಲುಪಬೇಕು, ಅವರಿಗೆ ಕಂಪನಿಯ ಅತಿ ಮೇಲಿನವರ ಹತ್ತಿರ ನೇರವಾಗಿ ಹೋಗುವ ಅಧಿಕಾರ ಇರಬೇಕು. ಇದನ್ನು ಓದುವಾಗ 1985ರ ಆ ಟಿಪ್ಪಣಿ ನೆನಪಾಗದೇ ಇರುವುದಿಲ್ಲ. ಅದು ಹೋಗಬೇಕಿದ್ದ ದಾರಿ ಇದೇ.

ಹೆರಾಲ್ಡ್ ಅನ್ನು ಏಪ್ರಿಲ್‌ನಲ್ಲಿ ಎತ್ತಿ ನಿಲ್ಲಿಸಿದರು. ಮತ್ತೆ ಓಡಿಸಲು ಯಾರಿಗೂ ಬೇಕಿರಲಿಲ್ಲ. ಹೆಸರು ಬದಲಿಸಿ, ತೈವಾನಿಗೆ ಎಳೆದೊಯ್ದು, ಗುಜರಿಗೆ ಒಡೆದರು.

ಇದನ್ನೆಲ್ಲ ಓದಿ, ದೀಪವೊಂದು ಇದ್ದಿದ್ದರೆ ಸಾಕಿತ್ತು ಎಂದು ಅನಿಸುವುದು ಸಹಜ. ನನಗೂ ಮೊದಲು ಹಾಗೇ ಅನಿಸಿತ್ತು. 1994ರ ಸೆಪ್ಟೆಂಬರ್ 28ರ ನಸುಕಿನಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ಎಂಬ ಫೆರ್ರಿ ಮುಳುಗಿ 852 ಜನ ಸತ್ತರು. ಅದೇ ತರಹದ ಹಡಗು, ಅದೇ ತರಹದ ವಾಹನ ಡೆಕ್. ಅಲ್ಲಿ ಯಾರೂ ಬಾಗಿಲು ಮರೆತಿರಲಿಲ್ಲ. ಅಲೆಗಳ ಹೊಡೆತಕ್ಕೆ ಮೂತಿಯ ಮುಚ್ಚಳದ ಬೀಗಗಳೇ ಮುರಿದು ಮುಚ್ಚಳ ಕಡಲಿಗೆ ಬಿತ್ತು. ಬ್ರಿಜ್‌ನಲ್ಲಿ ಹಡಗು ನಡೆಸುವವರು ನಿಲ್ಲುವ ಜಾಗದಿಂದ ಆ ಮುಚ್ಚಳ ಕಾಣುತ್ತಿರಲಿಲ್ಲ. ದೀಪಗಳು ಇದ್ದವು. ಮುಚ್ಚಳ ಕಳಚಿ ಬಿದ್ದದ್ದನ್ನು ಅವು ತೋರಿಸಲಿಲ್ಲ.